ಕೂಲಿಯೋ ಪಾಲೋ? ಪಾಲ್ ಸೈಮನ್ ಹಾಡುಗಳ ಹಿಂದಿನ ಕೈಗಳು

ದಾವಣಗೆರೆಯ ಕಾಲೇಜು ಫೆಸ್ಟುಗಳಲ್ಲಿ ಈಗ ಬ್ಯಾಂಡ್ ಇಲ್ಲದ ಸಂಜೆ ಕಡಿಮೆ. ಗಿಟಾರು, ಕೀಬೋರ್ಡು, ಡ್ರಮ್ಸು ಇರುತ್ತವೆ. ಪಕ್ಕದಲ್ಲಿ ಹಳ್ಳಿ ಕಡೆಯ ಹುಡುಗನೊಬ್ಬ ತಮಟೆ ಹಿಡಿದು ನಿಂತಿರುತ್ತಾನೆ. ಎರಡು ಸಿನಿಮಾ ಹಾಡಾದ ಮೇಲೆ ಒಂದು ತತ್ವಪದವೋ ಸೋಬಾನೆ ಪದವೋ ಬಂದೇ ಬರುತ್ತದೆ. ಸಭೆ ಎದ್ದು ಕುಣಿಯುವುದೂ ಅದಕ್ಕೇ. ಆಮೇಲೆ ಅದೇ ಹಾಡು ಯೂಟ್ಯೂಬಿಗೆ ಏರುತ್ತದೆ. ಕೆಳಗೆ ‘ಸಾಹಿತ್ಯ: ಜನಪದ, ಸಂಗೀತ: ನಮ್ಮ ಬ್ಯಾಂಡ್’ ಎಂದಿರುತ್ತದೆ. ಪದ ಹೇಳಿಕೊಟ್ಟ ಅಜ್ಜಿ ಯಾರು, ಆ ಮಟ್ಟು ಎಲ್ಲಿಂದ ಬಂತು, ತಮಟೆಯ ಆ ಪೆಟ್ಟು ಯಾರ ಕೈಯದು ಎಂಬುದೆಲ್ಲ ಆ ಒಂದೇ ಸಾಲಿನಲ್ಲಿ ಕರಗಿಹೋಗುತ್ತದೆ.

ಹಾಡು ಯಾರದು ಎನ್ನುವುದು ನೋಡಲು ಸುಲಭದ ಪ್ರಶ್ನೆ, ಬಿಡಿಸಲು ಹೋದರೆ ಸಿಕ್ಕು. ಅದನ್ನು ಎಳೆ ಎಳೆಯಾಗಿ ತೋರಿಸಲು ನನಗೆ ಗೊತ್ತಿರುವ ಒಳ್ಳೆಯ ಉದಾಹರಣೆ ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿ ಬೆಳೆದ ಪಾಲ್ ಸೈಮನ್. 1941ರಲ್ಲಿ ಹುಟ್ಟಿದ ಈ ಹಾಡುಗಾರ ಆರು ದಶಕಕ್ಕೂ ಹೆಚ್ಚು ಕಾಲ ತಾವೇ ಹಾಡು ಬರೆದು, ತಾವೇ ಮಟ್ಟು ಹಾಕಿ, ತಾವೇ ಹಾಡಿದವರು. ಆದರೆ ಅವರ ಹೆಸರುವಾಸಿ ಹಾಡುಗಳಲ್ಲಿ ಒಂಟಿಯಾಗಿ ಹುಟ್ಟಿದವು ಬಹಳ ಕಡಿಮೆ. ಇಂಗ್ಲೆಂಡಿನ ಜಾನಪದ ಗಾಯಕ, ಪೆರುವಿನ ರಂಗಸಂಗೀತಕಾರ, ಜಮೈಕದ ವಾದ್ಯಗಾರರು, ದಕ್ಷಿಣ ಆಫ್ರಿಕಾದ ಗಿಟಾರು ಮತ್ತು ಅಕಾರ್ಡಿಯನ್‌ಗಳು, ಬ್ರೆಜಿಲ್ಲಿನ ಬೀದಿ ಡೋಲಿನ ತಂಡ, ಹೀಗೆ ಒಂದೊಂದು ಹಾಡಿನ ಹಿಂದೆ ಒಂದೊಂದು ಗುಂಪು ನಿಂತಿದೆ. ಕೆಲವರ ಹೆಸರು ಲೇಬಲ್ಲಿನ ಮೇಲೆ ಬಂತು, ಕೆಲವರದು ಬರಲಿಲ್ಲ, ಕೆಲವರದು ಕೋರ್ಟಿನ ದಾರಿ ಹಿಡಿದು ಬಂತು.

ಮೊದಲು ಹಾಡನ್ನು ಬಿಚ್ಚಿಡೋಣ. ಒಂದು ಮಾತು, ಎರಡು ಮಟ್ಟು, ಮೂರು ವಾದ್ಯಗಳ ಹೊಂದಿಕೆ, ನಾಲ್ಕು ಹಾಡಿಕೆ ಮತ್ತು ನುಡಿಕೆ, ಐದು ಇವನ್ನೆಲ್ಲ ಹಿಡಿದಿಟ್ಟ ಧ್ವನಿಮುದ್ರಣ. ಹಣದ ಲೆಕ್ಕ ಬಂದಾಗ ಇವೆಲ್ಲಕ್ಕೂ ಒಂದೇ ತೂಕವಿಲ್ಲ. ಮಾತು ಮತ್ತು ಮಟ್ಟು ಕಟ್ಟಿದವರಿಗೆ ಹಾಡು ಮಾರಾಟವಾದಾಗಲೆಲ್ಲ, ರೇಡಿಯೋದಲ್ಲಿ ಬಂದಾಗಲೆಲ್ಲ, ಬೇರೆಯವರು ಹಾಡಿದಾಗಲೆಲ್ಲ ಒಂದು ಭಾಗ ಬರುತ್ತದೆ. ಸ್ಟುಡಿಯೋಗೆ ಬಂದು ಗಿಟಾರ್ ನುಡಿಸಿದವನಿಗೆ ಸಾಮಾನ್ಯವಾಗಿ ಅಂದಿನ ದುಡ್ಡು ಮಾತ್ರ. ಚಳ್ಳಕೆರೆ ಕಡೆ ಶೇಂಗಾ ಕೀಳಲು ಬಂದವರಿಗೆ ಸಂಜೆಗೆ ಕೂಲಿ. ಹೊಲವನ್ನು ಪಾಲಿಗೆ ಮಾಡಿದವನಿಗೆ ರಾಶಿಯಲ್ಲೇ ಭಾಗ. ಬೆವರು ಇಬ್ಬರದೂ ಒಂದೇ, ಆದರೆ ಒಳ್ಳೆ ಬೆಳೆ ಬಂದ ವರ್ಷ ಇಬ್ಬರ ನಡುವಿನ ಅಂತರ ಕಣ್ಣಿಗೆ ರಾಚುತ್ತದೆ. ಸೈಮನ್ ಅವರ ಪ್ರತಿ ಹಾಡಿಗೂ ಇದೊಂದೇ ಪ್ರಶ್ನೆ ಕೇಳುತ್ತ ಹೋಗಬಹುದು: ಜೊತೆಗಿದ್ದವರಿಗೆ ಸಿಕ್ಕಿದ್ದು ಕೂಲಿಯೋ, ಪಾಲೋ?

ಕೇಳದೆ ಆದ ಜೊತೆಗಾರಿಕೆ

ಸೈಮನ್ ಮತ್ತು ಆರ್ಟ್ ಗಾರ್ಫಂಕಲ್ ಶಾಲಾ ದಿನಗಳ ಗೆಳೆಯರು. ಹದಿಹರೆಯದಲ್ಲಿ ‘ಟಾಮ್ ಅಂಡ್ ಜೆರ್ರಿ’ ಎಂಬ ಹೆಸರಿಟ್ಟುಕೊಂಡು 1957ರಲ್ಲಿ ಒಂದು ಹಾಡು ತಂದರು, ತಕ್ಕಮಟ್ಟಿಗೆ ಓಡಿತು. 1964ರಲ್ಲಿ ತಮ್ಮ ನಿಜ ಹೆಸರುಗಳಲ್ಲೇ ಮೊದಲ ಆಲ್ಬಮ್ ತಂದರು. ಎರಡು ಕಂಠ, ಒಂದು ಗಿಟಾರು, ಶುದ್ಧ ಜಾನಪದದ ಧಾಟಿ. ಅದು ನೆಲ ಕಚ್ಚಿತು. ಬೇಸರಗೊಂಡ ಸೈಮನ್ ಇಂಗ್ಲೆಂಡಿಗೆ ಹೋಗಿ ಸಣ್ಣ ಸಣ್ಣ ಕ್ಲಬ್ಬುಗಳಲ್ಲಿ ಹಾಡತೊಡಗಿದರು.

ಅವರು ಅಲ್ಲಿರುವಾಗಲೇ, 1965ರ ಜೂನ್‌ನಲ್ಲಿ, ನಿರ್ಮಾಪಕ ಟಾಮ್ ವಿಲ್ಸನ್ ಆ ಆಲ್ಬಮ್ಮಿನ ‘ದ ಸೌಂಡ್ ಆಫ್ ಸೈಲೆನ್ಸ್’ ಟೇಪನ್ನು ಹೊರತೆಗೆದರು. ಅಲ್ ಗೋರ್ಗೋನಿ, ಬಾಬ್ಬಿ ಗ್ರೆಗ್ ಮೊದಲಾದ ಸ್ಟುಡಿಯೋ ವಾದ್ಯಗಾರರನ್ನು ಕರೆಸಿ ಹಳೆಯ ಹಾಡಿನ ಮೇಲೆ ವಿದ್ಯುತ್ ಗಿಟಾರು, ಬೇಸ್, ಡ್ರಮ್ಸ್ ಸೇರಿಸಿದರು. ಬರೆದವರನ್ನು ಕೇಳಲಿಲ್ಲ, ಹಾಡಿದವರನ್ನು ಕೇಳಲಿಲ್ಲ. ಆ ತಿಂಗಳುಗಳಲ್ಲಿ ಅಮೆರಿಕದಲ್ಲಿ ಜಾನಪದ ಹಾಡಿಗೆ ರಾಕ್ ವಾದ್ಯ ಹಚ್ಚುವ ಗಾಳಿ ಬೀಸಿತ್ತು. ಬಾಬ್ ಡಿಲನ್ ಅವರ ವಿದ್ಯುತ್ ಗಿಟಾರಿನ ಧ್ವನಿಮುದ್ರಣಗಳ ಹಿಂದೆಯೂ ಇದೇ ವಿಲ್ಸನ್ ಇದ್ದರು. ಸೆಪ್ಟೆಂಬರಿನಲ್ಲಿ ಹೊಸ ರೂಪ ಹೊರಬಂತು, 1966ರ ಜನವರಿಯಲ್ಲಿ ಅಮೆರಿಕದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಸೈಮನ್ ಗಂಟುಮೂಟೆ ಕಟ್ಟಿ ವಾಪಸ್ ಬಂದರು.

ಎರಡೂ ರೂಪಗಳನ್ನು ಒಂದಾದ ಮೇಲೊಂದು ಕೇಳಿ. ಕಂಠ ಅದೇ, ಹಳೆಯ ಗಿಟಾರೂ ಕೆಳಗೆ ಹಾಗೇ ಇದೆ. ಆ ಗಿಟಾರಿನ ಲಯ ಗಡಿಯಾರದಷ್ಟು ನೇರವಾಗಿರಲಿಲ್ಲ; ಹಾಗಾಗಿ ಡ್ರಮ್ಸ್ ನುಡಿಸಿದವರು ಅದನ್ನೇ ಹಿಂಬಾಲಿಸುತ್ತ, ಅಲ್ಲಲ್ಲಿ ಹೆಜ್ಜೆ ಸರಿಮಾಡಿಕೊಳ್ಳುತ್ತ ಸಾಗಬೇಕಾಯಿತು. ಆದರೂ ಒಬ್ಬನೇ ಕೂತು ಗುನುಗುವಂತಿದ್ದ ಪದ ಈ ಸೇರ್ಪಡೆಯಿಂದ ಬೀದಿಗೆ ಕೇಳಿಸುವ ಹಾಡಾಯಿತು. ಫೋಕ್ ರಾಕ್ ಎಂಬ ಬಗೆ ಏನು ಎಂದು ಯಾರಾದರೂ ಕೇಳಿದರೆ ನಾನು ತೋರಿಸುವುದು ಈ ಎರಡು ರೂಪಗಳ ನಡುವಿನ ವ್ಯತ್ಯಾಸವನ್ನೇ. ಮಾತು, ಮಟ್ಟು ಸೈಮನ್ ಅವರದೇ, ಹಾಗಾಗಿ ಹಾಡಿನ ಪಾಲು ಪೂರ್ತಿ ಅವರಿಗೆ. ಹಾಡಿನ ಹಣೆಬರಹ ಬದಲಿಸಿದ ವಾದ್ಯಗಾರರಿಗೆ ಅವತ್ತಿನ ಕೂಲಿ. ಇದರಲ್ಲಿ ಯಾರೂ ಮೋಸ ಮಾಡಲಿಲ್ಲ. ಉದ್ಯಮದ ನಿಯಮವೇ ಹಾಗಿತ್ತು, ಇವತ್ತಿಗೂ ಹೆಚ್ಚುಕಮ್ಮಿ ಹಾಗೇ ಇದೆ.

‘ಜನಪದ’ ಎಂದು ಬರೆದರೆ ಮುಗಿಯಿತೇ?

ಇಂಗ್ಲೆಂಡಿನಲ್ಲಿದ್ದಾಗ ಸೈಮನ್ ಮಾರ್ಟಿನ್ ಕಾರ್ಥಿ ಎಂಬ ಯುವ ಜಾನಪದ ಗಾಯಕನಿಂದ ‘ಸ್ಕಾರ್ಬರೋ ಫೇರ್’ ಕಲಿತರು. ಹಾಡು ಶತಮಾನಗಳಷ್ಟು ಹಳೆಯದು. ಮಾತಿಗೂ ಮಟ್ಟಿಗೂ ಒಡೆಯರಿಲ್ಲ. ಆದರೆ ತಂತಿಗಳ ಮೇಲೆ ಬೆರಳು ಹರಿಯುವ ಆ ಬಗೆ, ಹಾಡಿಗೆ ತೂಗುಮಂಚದ ಲಯ ತಂದುಕೊಟ್ಟ ಆ ಗಿಟಾರಿನ ಹೆಣಿಗೆ, ಅದು ಕಾರ್ಥಿ ಕಟ್ಟಿದ್ದು. 1966ರಲ್ಲಿ ಸೈಮನ್ ಮತ್ತು ಗಾರ್ಫಂಕಲ್ ಇದಕ್ಕೆ ಎದುರುಹಾಡಿನಂತೆ ಇನ್ನೊಂದು ಎಳೆ ಹೆಣೆದು ಮುದ್ರಿಸಿದಾಗ ಲೇಬಲ್ಲಿನಲ್ಲಿ ಇದ್ದದ್ದು ಅವರಿಬ್ಬರ ಹೆಸರು ಮಾತ್ರ. ಮುಂದಿನ ವರ್ಷ ಒಂದು ದೊಡ್ಡ ಸಿನಿಮಾದಲ್ಲೂ ಅದು ಬಂದು ಲೋಕವೆಲ್ಲ ಹರಡಿತು.

ಕಾರ್ಥಿ ಅವರ ಮುನಿಸು ದಶಕಗಳ ಕಾಲ ಇತ್ತು. ಇದೇ ಗಾಯಕನಿಂದ ಇದೇ ಹಾಡನ್ನು ಕಲಿತು ಡಿಲನ್ ಕೂಡ ತಮ್ಮದೊಂದು ಹೊಸ ಹಾಡು ಕಟ್ಟಿದ್ದರು. ಆದರೆ ಆ ಆಲ್ಬಮ್ಮಿನ ಹೊದಿಕೆಯ ಟಿಪ್ಪಣಿಯಲ್ಲಿ ಕಾರ್ಥಿ ಹೆಸರಿತ್ತು; ಆ ಒಂದು ಸಾಲು ಎಷ್ಟು ಜಗಳ ಉಳಿಸಿತು ನೋಡಿ. ಕೊನೆಗೆ 2000ನೇ ಇಸವಿಯಲ್ಲಿ ಲಂಡನ್ನಿನ ತಮ್ಮ ಸಂಗೀತ ಕಛೇರಿಗೆ ಸೈಮನ್ ಕಾರ್ಥಿಯವರನ್ನು ಕರೆದರು. ಇಬ್ಬರೂ ಒಂದೇ ವೇದಿಕೆಯಲ್ಲಿ ನಿಂತು ಆ ಹಾಡು ಹಾಡಿದರು. ಮುನಿಸು ಅಲ್ಲಿಗೆ ಕರಗಿತು.

‘ಎಲ್ ಕೊಂಡೋರ್ ಪಾಸಾ’ ಕಥೆ ಇದಕ್ಕಿಂತ ಪಾಠವುಳ್ಳದ್ದು. ಪ್ಯಾರಿಸ್ಸಿನಲ್ಲಿ ‘ಲಾಸ್ ಇಂಕಾಸ್’ ಎಂಬ ತಂಡ ಆಂಡಿಸ್ ಬೆಟ್ಟಸೀಮೆಯ ಕೊಳಲು, ತಂತಿವಾದ್ಯಗಳಲ್ಲಿ ಇದನ್ನು ನುಡಿಸುವುದನ್ನು ಸೈಮನ್ ಕೇಳಿದರು. ಹಳೆಯ ಜಾನಪದ ಮಟ್ಟು ಎಂದು ತಂಡದ ಹೋರ್ಹೆ ಮಿಲ್ಚ್‌ಬರ್ಗ್ ಹೇಳಿದರು. ಸೈಮನ್ ಆ ತಂಡದ ಧ್ವನಿಮುದ್ರಣವನ್ನೇ ತಳಕ್ಕಿಟ್ಟುಕೊಂಡು ಮೇಲೆ ಇಂಗ್ಲಿಷ್ ಮಾತು ಬರೆದು ಹಾಡಿ, 1970ರ ಆಲ್ಬಮ್ಮಿನಲ್ಲಿ ಸೇರಿಸಿದರು. ನಿಜದಲ್ಲಿ ಆ ಮಟ್ಟಿಗೆ ಹೆಸರಿತ್ತು, ಊರಿತ್ತು, ಇಸವಿಯೂ ಇತ್ತು. ಪೆರುವಿನ ದಾನಿಯೇಲ್ ಅಲೋಮಿಯಾ ರೋಬ್ಲೆಸ್ 1913ರಲ್ಲಿ ಲೀಮಾದ ಒಂದು ರಂಗಪ್ರಯೋಗಕ್ಕೆ ಅದನ್ನು ರಚಿಸಿದ್ದರು. ಅಮೆರಿಕದಲ್ಲೇ ಹಕ್ಕು ನೋಂದಾಯಿಸಿಯೂ ಇದ್ದರು. ಅವರ ಮಗ, ಸಿನಿಮಾ ನಿರ್ದೇಶಕ ಅರ್ಮಾಂಡೊ ರೋಬ್ಲೆಸ್ ಗೊದೋಯ್ ದಾವೆ ಹೂಡಿದರು. ಇದು ದುರುದ್ದೇಶವಲ್ಲ, ತಪ್ಪು ತಿಳಿವಳಿಕೆ ಎಂದು ಅವರೇ ಒಪ್ಪಿಕೊಂಡ ಕಾರಣ ವಿಷಯ ಗೌರವದಿಂದಲೇ ಬಗೆಹರಿಯಿತು. ಈಗ ಹಾಡಿನ ಕೆಳಗೆ ರೋಬ್ಲೆಸ್ ಹೆಸರೂ ಇದೆ.

ರೋಬ್ಲೆಸ್ ಕೂಡ ಊರೂರು ಸುತ್ತಿ ಆಂಡಿಸ್ ಜಾನಪದ ಮಟ್ಟುಗಳನ್ನು ಸಂಗ್ರಹಿಸಿದವರೇ. ಕೇಳಿದ್ದನ್ನು ಮೈಗೂಡಿಸಿಕೊಂಡು ತಮ್ಮದನ್ನು ಕಟ್ಟಿದರು. ಹಾಗಾದರೆ ‘ಜನಪದ’ ಎಲ್ಲಿ ಮುಗಿದು ಕರ್ತೃ ಎಲ್ಲಿ ಶುರುವಾಗುತ್ತಾನೆ? ಈ ಪ್ರಶ್ನೆ ಪೆರುವಿಗೆ ಎಷ್ಟು ಸಲ್ಲುತ್ತದೋ ಚಿತ್ರದುರ್ಗಕ್ಕೂ ಅಷ್ಟೇ. ಕಾಡುಗೊಲ್ಲರ ಹಟ್ಟಿಗಳಲ್ಲಿ ಗಣೆಯ ನಾದದ ಜೊತೆ ಜುಂಜಪ್ಪನ ಪದ ಹಾಡುವವರನ್ನು ಕೇಳಿದವರಿಗೆ ಗೊತ್ತು: ಕಥೆ ಒಂದೇ, ಆದರೆ ಹಾಡುವವರು ಬದಲಾದಂತೆ ಪದ ಹಿಗ್ಗುತ್ತದೆ, ತಿರುಗುತ್ತದೆ, ಹೊಸ ಸೊಲ್ಲು ಹುಟ್ಟುತ್ತದೆ. ಚಳ್ಳಕೆರೆ ತಾಲ್ಲೂಕಿನ ಸಿರಿಯಜ್ಜಿ ಅಕ್ಷರ ಕಲಿತವರಲ್ಲ. ಅವರ ನಾಲಗೆಯ ಮೇಲೆ ಸಾವಿರಾರು ಪದಗಳಿದ್ದವು. ಕೃಷ್ಣಮೂರ್ತಿ ಹನೂರರಂಥ ವಿದ್ವಾಂಸರು ಕೂತು ಬರೆದುಕೊಂಡು, ಪದಗಳ ಜೊತೆ ಸಿರಿಯಜ್ಜಿಯ ಹೆಸರನ್ನೂ ಉಳಿಸಿದ್ದರಿಂದ ಇವತ್ತು ನಾವು ‘ಸಿರಿಯಜ್ಜಿ ಹಾಡಿದ ಪದ’ ಎನ್ನುತ್ತೇವೆ. ಬರೆದುಕೊಂಡವರು ಸಿಗದ ಎಷ್ಟೋ ಅಜ್ಜಿಯರ ಪದಗಳು ಬರಿಯ ‘ಜನಪದ’ವಾಗಿ ಉಳಿದಿವೆ.

ಒಂದು ಸಾಲಿನ ಸಾಲ

1970ರ ಅದೇ ಆಲ್ಬಮ್ಮಿನ ಶೀರ್ಷಿಕೆ ಹಾಡು ‘ಬ್ರಿಡ್ಜ್ ಓವರ್ ಟ್ರಬಲ್ಡ್ ವಾಟರ್’. ಕಪ್ಪು ಜನರ ಚರ್ಚ್ ಸಂಗೀತವಾದ ಗಾಸ್ಪೆಲ್ ಹಾಡುತ್ತಿದ್ದ ಕ್ಲಾಡ್ ಜೀಟರ್, ಒಂದು ಹಳೆಯ ಹಾಡಿನ ನಡುವೆ ತಾನು ಆಳ ನೀರಿನ ಮೇಲೆ ಸೇತುವೆಯಾಗುವೆ ಎಂಬ ಭಾವದ ಮಾತು ಸೇರಿಸುತ್ತಿದ್ದರು. ಸೈಮನ್ ಅದನ್ನು ಕೇಳಿದ್ದರು, ಅದೇ ಕಿಡಿಯಾಯಿತು. ಸೈಮನ್ ಗಿಟಾರಿನಲ್ಲಿ ಬರೆದದ್ದನ್ನು ಲ್ಯಾರಿ ನೆಕ್ಟೆಲ್ ಪಿಯಾನೋಗೆ ತಂದು, ಗಾರ್ಫಂಕಲ್ ಕಂಠಕ್ಕೆ ಹೊಂದುವ ಶ್ರುತಿಗೆ ಇಳಿಸಿ, ದಿನಗಟ್ಟಲೆ ಕೂತು ಗಾಸ್ಪೆಲ್ ಧಾಟಿಗೆ ಕೂರಿಸಿದರು. ಇಡೀ ಹಾಡನ್ನು ಗಾರ್ಫಂಕಲ್ ಒಬ್ಬರೇ ಹಾಡಿದರು. ತಂತಿವಾದ್ಯಗಳ ಹೊಂದಿಕೆ ಬರೆದವರು ಟೇಪನ್ನು ತಪ್ಪಾಗಿ ಕೇಳಿಸಿಕೊಂಡು ಹಾಡಿಗೆ ‘ನೀರಿನ ಹೂಜಿಯಂತೆ’ ಎಂಬರ್ಥದ ಹೆಸರು ಬರೆದಿದ್ದರಂತೆ. ಸೈಮನ್ ಹೇಳುವ ಕಥೆಯಿದು.

ಜನ ಎದ್ದುನಿಂತು ಚಪ್ಪಾಳೆ ಹೊಡೆದದ್ದು ಗಾರ್ಫಂಕಲ್‌ಗೆ. ಬದಿಯಲ್ಲಿ ನಿಂತು, ಇದು ನನ್ನ ಹಾಡು ಎಂದು ಒಳಗೊಳಗೇ ಕಸಿವಿಸಿಪಟ್ಟದ್ದನ್ನು ಸೈಮನ್ ಮುಚ್ಚಿಟ್ಟಿಲ್ಲ. ಬರೆದವನಿಗೆ ಪಾಲು, ಹಾಡಿದವನಿಗೆ ಕೀರ್ತಿ, ಇಬ್ಬರಿಗೂ ತೃಪ್ತಿಯಿಲ್ಲ. ಜೋಡಿ ಅದೇ ವರ್ಷ ಮುರಿಯಿತು. 1981ರಲ್ಲಿ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿ ಮತ್ತೆ ಒಟ್ಟಿಗೆ ಹಾಡಿದಾಗ ಸುಮಾರು 5 ಲಕ್ಷ ಜನ ಸೇರಿದ್ದರು ಎಂದು ಅಂದಾಜಿದೆ. ಆದರೂ ಸಂಬಂಧ ಪೂರ್ತಿ ಹೊಲಿಯಲಿಲ್ಲ. ಇತ್ತ ಜೀಟರ್ ಅವರಿಗೆ ಸೈಮನ್ ಒಂದು ಚೆಕ್ ಕೊಟ್ಟರು, 1973ರ ಆಲ್ಬಮ್ಮಿನ ಹಾಡೊಂದರಲ್ಲಿ ಅವರಿಂದ ಹಾಡಿಸಿದರು. ಒಂದು ಸಾಲಿನ ಸಾಲ ತೀರಿಸಲು ಇದು ಕೆಟ್ಟ ದಾರಿಯಲ್ಲ. ಆದರೂ ಚೆಕ್ಕು ಕೂಲಿಯೇ ಹೊರತು ಪಾಲಲ್ಲ.

ಒಂಟಿಯಾದ ಮೇಲೆ ಸೈಮನ್ ಹೊಸ ಅಭ್ಯಾಸ ಹಿಡಿದರು. ಯಾವ ಲಯ ಇಷ್ಟವೋ ಆ ಲಯದಲ್ಲಿ ಹುಟ್ಟಿಬೆಳೆದವರ ಊರಿಗೇ ಹೋಗಿಬಿಡುವುದು. ರೆಗ್ಗೆ ಬೇಕೆನಿಸಿದಾಗ ಜಮೈಕದ ಕಿಂಗ್‌ಸ್ಟನ್‌ಗೆ ಹೋಗಿ ‘ಮದರ್ ಅಂಡ್ ಚೈಲ್ಡ್ ರಿಯೂನಿಯನ್’ ಮುದ್ರಿಸಿದರು. ಆ ಹೆಸರು ಬಂದದ್ದು ಚೀನಿ ಹೋಟೆಲ್ಲಿನ ಕೋಳಿ ಮತ್ತು ಮೊಟ್ಟೆಯ ಒಂದು ಪದಾರ್ಥದಿಂದ. ಬಳಿಕ ಅಲಬಾಮದ ಮಸಲ್ ಶೋಲ್ಸ್‌ಗೆ ಹೋದರು. ಬಾಡಿಗೆ ವಾದ್ಯಗಾರರನ್ನು ನ್ಯೂಯಾರ್ಕಿಗೆ ಕರೆಸಿ ‘ಆ ಥರ ನುಡಿಸಿ’ ಎನ್ನುವುದಕ್ಕಿಂತ ಇದು ಮೇಲು ಎಂದು ನನ್ನ ಎಣಿಕೆ.

ಜೋಹಾನ್ಸ್‌ಬರ್ಗಿನ ಎರಡು ವಾರ

1983ರ ಆಲ್ಬಮ್ ಸೋತಿತ್ತು, ಸೈಮನ್ ಮಂಕಾಗಿದ್ದರು. ಆಗ ಪರಿಚಿತರೊಬ್ಬರು ಕೊಟ್ಟ ಕ್ಯಾಸೆಟ್ ಕಾರಿನಲ್ಲಿ ಸುತ್ತತೊಡಗಿತು. ದಕ್ಷಿಣ ಆಫ್ರಿಕಾದ ಕಪ್ಪು ಜನರ ಬಡಾವಣೆಗಳ ಕುಣಿತದ ಸಂಗೀತ ಅದು. ಅಕಾರ್ಡಿಯನ್, ಗಿಟಾರು, ಮುಂದೆ ನಿಂತು ಮಾತಾಡುವ ಬೇಸ್. ‘ಬೊಯೊಯೊ ಬಾಯ್ಸ್’ ತಂಡ ನುಡಿಸಿದ್ದ ಒಂದು ವಾದ್ಯಗೀತೆಯ ಮೇಲೆ ಸೈಮನ್ ತಮ್ಮಷ್ಟಕ್ಕೆ ಹಾಡಿಕೊಳ್ಳುತ್ತಿದ್ದರು. 1985ರ ಫೆಬ್ರವರಿಯಲ್ಲಿ ಧ್ವನಿ ತಂತ್ರಜ್ಞ ರಾಯ್ ಹಾಲಿ ಜೊತೆ ಜೋಹಾನ್ಸ್‌ಬರ್ಗಿಗೆ ವಿಮಾನ ಹತ್ತಿದರು.

ಇಲ್ಲಿ ಹಾಡು ಕಟ್ಟುವ ಕ್ರಮವೇ ತಲೆಕೆಳಗಾಯಿತು. ನಮ್ಮ ಭಾವಗೀತೆಯಲ್ಲಿ ಕವಿತೆ ಮೊದಲು, ಸಿ. ಅಶ್ವಥ್ ಶಿಶುನಾಳ ಷರೀಫರ ಪದಗಳಿಗೆ ಮಟ್ಟು ಕಟ್ಟಿದ್ದು ಹಾಗೆ. ಸಿನಿಮಾದಲ್ಲಿ ಹೆಚ್ಚಾಗಿ ಟ್ಯೂನ್ ಮೊದಲು, ಸಾಹಿತ್ಯ ಆಮೇಲೆ. ಜೋಹಾನ್ಸ್‌ಬರ್ಗಿನಲ್ಲಿ ಟ್ಯೂನೂ ಇರಲಿಲ್ಲ. ವಾದ್ಯಗಾರರು ತಮ್ಮ ಲಯದಲ್ಲಿ ಸುಮ್ಮನೆ ನುಡಿಸುತ್ತ ಹೋದರು, ಟೇಪು ಓಡುತ್ತಿತ್ತು. ಸೈಮನ್ ಆ ಟೇಪುಗಳನ್ನು ನ್ಯೂಯಾರ್ಕಿಗೆ ತಂದು, ಹಾಲಿ ಜೊತೆ ಕತ್ತರಿಸಿ ಜೋಡಿಸಿ, ಮೇಲೆ ಮಟ್ಟು ಹುಡುಕಿ, ಕೊನೆಗೆ ಮಾತು ಬರೆದರು. ಮಾತಿಗೇ ತಿಂಗಳುಗಟ್ಟಲೆ ಹಿಡಿಯಿತು. ಆ ಬೇಸ್ ಸಾಲುಗಳ ಮೇಲೆ ತಮಗೆ ಅಭ್ಯಾಸವಿದ್ದ ಬಗೆಯ ಪದ್ಯ ಕೂರದೆ, ಅವರು ಬರೆದದ್ದನ್ನು ಒಡೆದು ಒಡೆದು ಮತ್ತೆ ಕಟ್ಟಬೇಕಾಯಿತು.

ಈಗ ಲೆಕ್ಕ ಸಿಕ್ಕಾಗುವುದು ನೋಡಿ. ಲಯ ಮೊದಲು ಬಂದಾಗ ಅದನ್ನು ನುಡಿಸಿದವರು ಬರಿಯ ವಾದ್ಯಗಾರರೋ, ಹಾಡು ಕಟ್ಟಿದವರೋ?

ಈ ಟೇಪುಗಳಿಂದ ಹುಟ್ಟಿದ ಆಲ್ಬಮ್ಮಿನ ಶೀರ್ಷಿಕೆ ಹಾಡು ‘ಗ್ರೇಸ್‌ಲ್ಯಾಂಡ್’ ತೆಗೆದುಕೊಳ್ಳಿ. ಗಿಟಾರ್ ನುಡಿಸಿದವರು ರೇ ಫಿರಿ, ಬೇಸ್ ಬಕಿತಿ ಕುಮಾಲೊ, ಡ್ರಮ್ಸ್ ವುಸಿ ಕುಮಾಲೊ. ಅವರ ಊರಿನ ಸಂಗೀತದಲ್ಲಿ ಅಪರೂಪವಾದ ಒಂದು ಮೈನರ್ ಕಾರ್ಡನ್ನು, ಅಂದರೆ ಒಟ್ಟಿಗೆ ನುಡಿಸುವ, ವಿಷಾದದ ಛಾಯೆಯ ಸ್ವರಗುಚ್ಛವನ್ನು, ಫಿರಿ ಮಧ್ಯೆ ಹಾಕಿದರು. ಯಾಕೆ ಎಂದು ಸೈಮನ್ ಕೇಳಿದರೆ, ನಿಮ್ಮ ಕಡೆಯ ಹಾಡುಗಳಲ್ಲಿ ಇದು ಬರುತ್ತದಲ್ಲ, ಹಾಗಾಗಿ ಎಂದರಂತೆ. ಆಫ್ರಿಕಾದ ಗಿಟಾರಿಗ ಅಮೆರಿಕದ ಹಳ್ಳಿಹಾಡನ್ನು ಊಹಿಸಿಕೊಂಡು ನುಡಿಸಿದ, ಅಮೆರಿಕದ ಹಾಡುಗಾರ ಅದರ ಮೇಲೆ ಎಲ್ವಿಸ್ ಪ್ರೀಸ್ಲಿ ಮನೆಗೆ ಹೋಗುವ ದಾರಿಯ ಪದ್ಯ ಬರೆದ. ಹಾಡಿನ ಜೀವ ಇರುವುದೇ ಈ ಎರಡು ಊಹೆಗಳು ಕೂಡುವ ಜಾಗದಲ್ಲಿ. ರಚನೆಯ ಜಾಗದಲ್ಲಿ ಮಾತ್ರ ಇರುವುದು ಒಂದೇ ಹೆಸರು, ಸೈಮನ್.

ಎಲ್ಲ ಹಾಡಿಗೂ ಹೀಗಾಗಲಿಲ್ಲ ಎಂಬುದನ್ನೂ ಹೇಳಬೇಕು. ‘ದ ಬಾಯ್ ಇನ್ ದ ಬಬಲ್’ ಶುರುವಾಗುವುದೇ ಫೊರೆರೆ ಮೊಟ್ಲೊಹೆಲೊವಾ ಅವರ ಅಕಾರ್ಡಿಯನ್ನಿನಿಂದ. ರಚನೆಯಲ್ಲಿ ಅವರಿಗೂ ಪಾಲಿದೆ. ಕ್ಯಾಸೆಟ್ಟಿನ ಆ ವಾದ್ಯಗೀತೆಯ ಮೇಲೆ ಕಟ್ಟಿದ ‘ಗಮ್‌ಬೂಟ್ಸ್’ಗೂ ಮೂಲದವರ ಹೆಸರಿದೆ. ‘ಹೋಮ್‌ಲೆಸ್’ ಹಾಡಿಗೆ ಸೈಮನ್ ಕೆಲವು ಇಂಗ್ಲಿಷ್ ಸಾಲು ಕೊಟ್ಟರು. ‘ಲೇಡಿಸ್ಮಿತ್ ಬ್ಲ್ಯಾಕ್ ಮಂಬಾಜೊ’ ತಂಡದ ಜೋಸೆಫ್ ಶಬಲಾಲ ಅವಕ್ಕೆ ಜುಲು ಮಾತುಗಳನ್ನು ಬೆಸೆದು ಬೆಳೆಸಿದರು. ರಚನೆಯಲ್ಲಿ ಇಬ್ಬರ ಹೆಸರೂ ಇದೆ. ಲಂಡನ್ನಿನಲ್ಲಿ ಮುದ್ರಿಸಿದ ಆ ಹಾಡಿನಲ್ಲಿ ಒಂದೂ ವಾದ್ಯವಿಲ್ಲ, ಗಂಡಸರ ಕಂಠಗಳಷ್ಟೇ. ಊರು ಬಿಟ್ಟು ಗಣಿಗಳಿಗೆ, ಕಾರ್ಖಾನೆಗಳಿಗೆ ದುಡಿಯಲು ಹೋದ ಜುಲು ಗಂಡಸರು ತಾವಿದ್ದ ಹಾಸ್ಟೆಲುಗಳಲ್ಲಿ ರಾತ್ರಿ ಹಾಡುತ್ತ ಬೆಳೆಸಿದ ಬಗೆ ಇದು. ಒಬ್ಬ ಮುಂದೆ ಹೇಳುತ್ತಾನೆ, ಉಳಿದವರು ದಪ್ಪ ದನಿಯಲ್ಲಿ ಹಿಂದಿನಿಂದ ಎತ್ತಿಕೊಳ್ಳುತ್ತಾರೆ. ನಮ್ಮ ಸೋಬಾನೆ, ಭಜನೆ ಕೇಳಿ ಬೆಳೆದ ಕಿವಿಗೆ ಆ ಕ್ರಮ ಹೊಸದೆನಿಸುವುದಿಲ್ಲ. ಹೊಸದಾಗಿರುವುದು ಹತ್ತು ಗಂಡಸರು ಪಿಸುಗುಡುವಷ್ಟು ಮೆಲ್ಲಗೆ ಹಾಡಬಲ್ಲರು ಎನ್ನುವುದು. 1986ರ ಮೇನಲ್ಲಿ ಟಿವಿ ಕಾರ್ಯಕ್ರಮಕ್ಕೆಂದು ನ್ಯೂಯಾರ್ಕಿಗೆ ಬಂದ ಈ ತಂಡದ ಜೊತೆ, ಆಲ್ಬಮ್ ಮುಗಿಯಿತೆಂದುಕೊಂಡ ಮೇಲೆ ಸೇರಿಸಿದ ಹಾಡು ‘ಡೈಮಂಡ್ಸ್ ಆನ್ ದ ಸೋಲ್ಸ್ ಆಫ್ ಹರ್ ಶೂಸ್’. ಅದರಲ್ಲೂ ಶಬಲಾಲ ಅವರಿಗೆ ಪಾಲಿದೆ.

ಕೂಲಿಯ ವಿಷಯದಲ್ಲಿ ಸೈಮನ್ ಕೈಬಿಗಿ ಹಿಡಿದವರಲ್ಲ. ಜೋಹಾನ್ಸ್‌ಬರ್ಗಿನ ವಾದ್ಯಗಾರರಿಗೆ ನ್ಯೂಯಾರ್ಕಿನ ಯೂನಿಯನ್ ದರದ ಮೂರು ಪಟ್ಟು ಕೊಟ್ಟರು. ಅಲ್ಲಿನ ದರಕ್ಕೆ ಹೋಲಿಸಿದರೆ ಅದು ಎಷ್ಟೋ ಪಾಲು ಹೆಚ್ಚು. ಆದರೆ ಆಲ್ಬಮ್ಮಿನ ಕೋಟಿಗೂ ಹೆಚ್ಚು ಪ್ರತಿಗಳು ಮಾರಾಟವಾದವು. ಅಂಥ ಬೆಳೆ ಬಂದಾಗ ಮೂರು ಪಟ್ಟು ಕೂಲಿಯೂ ಸಣ್ಣದಾಗಿ ಕಾಣುತ್ತದೆ. ಆಲ್ಬಮ್ಮಿನ ಕೊನೆಯ ಹಾಡಿಗೆ ಬಂದ ಲಾಸ್ ಏಂಜಲೀಸ್‌ನ ‘ಲಾಸ್ ಲೋಬೋಸ್’ ತಂಡದ ದೂರು ಇದೇ. ಸೈಮನ್ ಬರಿಗೈಯಲ್ಲಿ ಬಂದಿದ್ದರು, ತಾವು ನುಡಿಸುತ್ತಿದ್ದದ್ದೇ ಹಾಡಾಯಿತು, ಹೆಸರು ಮಾತ್ರ ಅವರದಾಯಿತು ಎಂದು ತಂಡದ ಸ್ಟೀವ್ ಬರ್ಲಿನ್ ಬಹಿರಂಗವಾಗಿಯೇ ಹೇಳಿದ್ದಾರೆ. ಆಲ್ಬಮ್ ಗೆದ್ದು ತಿಂಗಳುಗಳಾದ ಮೇಲಷ್ಟೇ ಈ ಮಾತು ಬಂತು ಎನ್ನುವುದು ಸೈಮನ್ ಉತ್ತರ. ನ್ಯಾಯ ಹೇಳಲು ನಾನು ಆ ಕೋಣೆಯಲ್ಲಿರಲಿಲ್ಲ. ಆದರೆ ಆಲ್ಬಮ್ಮನ್ನು ಮೊದಲಿಂದ ಕೊನೆಯವರೆಗೆ ಕೇಳಿದಾಗ ಒಂದು ಮಾತು ಖಚಿತವಾಗಿ ಹೇಳಬಲ್ಲೆ: ಪಾಲು ಹಂಚಿಕೊಂಡ ಹಾಡುಗಳೇ ಅದರಲ್ಲಿ ಹೆಚ್ಚು ಗಟ್ಟಿ. ಲಾಸ್ ಲೋಬೋಸ್ ಜೊತೆಗಿನದು ಅದರಲ್ಲೇ ಸಪ್ಪೆ.

ಇನ್ನು ರಾಜಕೀಯ. ದಕ್ಷಿಣ ಆಫ್ರಿಕಾದಲ್ಲಿ ಆಗ ವರ್ಣಭೇದದ ಬಿಳಿಯರ ಸರ್ಕಾರ. ಕಲಾವಿದರು ಆ ದೇಶದ ಜೊತೆ ಯಾವ ಸಂಬಂಧವನ್ನೂ ಇಟ್ಟುಕೊಳ್ಳಬಾರದು ಎಂದು ವಿಶ್ವಸಂಸ್ಥೆಯ ಮಹಾಸಭೆ 1980ರಲ್ಲೇ ಕರೆ ಕೊಟ್ಟಿತ್ತು. ಹೋಗುವ ಮೊದಲು, ವರ್ಣಭೇದದ ವಿರುದ್ಧ ಹೋರಾಡುತ್ತಿದ್ದ ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್ ಪಕ್ಷದ ಜೊತೆ ಮಾತಾಡಿ ಎಂದು ಅಮೆರಿಕದ ಗಾಯಕ ಹ್ಯಾರಿ ಬೆಲಾಫೊಂಟೆ ಸಲಹೆ ಕೊಟ್ಟಿದ್ದರು. ಸೈಮನ್ ಮಾತಾಡದೆ ಹೋದರು. ತಮ್ಮನ್ನು ಕರೆದದ್ದು ಅಲ್ಲಿನ ಕಪ್ಪು ಸಂಗೀತಗಾರರು, ತಾವು ಬಿಳಿಯರ ಸಭಾಂಗಣದಲ್ಲಿ ಹಾಡಲಿಲ್ಲ, ಯಾವ ಪಕ್ಷದ ಅಪ್ಪಣೆಯನ್ನೂ ಕಲಾವಿದ ಕೇಳಬೇಕಿಲ್ಲ ಎನ್ನುವುದು ಅವರ ವಾದ. ಬಹಿಷ್ಕಾರ ಎಂದರೆ ಎಲ್ಲರಿಗೂ ಒಂದೇ ಬಾಗಿಲು, ಒಬ್ಬರಿಗೆ ತೆರೆದರೆ ಅದು ಬಹಿಷ್ಕಾರವಾಗಿ ಉಳಿಯುವುದಿಲ್ಲ ಎನ್ನುವುದು ಎದುರಾಳಿಗಳ ವಾದ. 1987ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್ ಎದುರು ಪ್ರತಿಭಟನೆ ನಡೆಯಿತು. ಅದೇ ವೇದಿಕೆಯ ಮೇಲೆ ಸೈಮನ್ ಪಕ್ಕದಲ್ಲಿ, ದಶಕಗಳಿಂದ ದೇಶಭ್ರಷ್ಟರಾಗಿದ್ದ ಮಿರಿಯಂ ಮಕೇಬಾ ಮತ್ತು ಹ್ಯೂ ಮಸೆಕೇಲಾ ಹಾಡುತ್ತಿದ್ದರು. ವರ್ಣಭೇದದ ಏಟು ತಿಂದವರು ಎರಡೂ ಕಡೆ ಇದ್ದರು ಎಂಬುದನ್ನು ಮರೆತು ಈ ಜಗಳವನ್ನು ಸರಿ ತಪ್ಪು ಎಂದು ಎರಡೇ ಮಾತಿನಲ್ಲಿ ಮುಗಿಸುವವರನ್ನು ನಾನು ನಂಬುವುದಿಲ್ಲ. ಆದರೆ ಮೊದಲೇ ಒಂದು ಮಾತು ಕೇಳಿ ಹೋಗಬಹುದಿತ್ತು ಎನ್ನುವುದರಲ್ಲಿ ನನಗೆ ಅನುಮಾನವಿಲ್ಲ.

ಆಲ್ಬಮ್‌ಗೆ ಗ್ರ್ಯಾಮಿಯ ವರ್ಷದ ಆಲ್ಬಮ್ ಪ್ರಶಸ್ತಿ ಬಂತು. ಶಬಲಾಲ ತಂಡದ ಮುಂದಿನ ಆಲ್ಬಮ್ಮನ್ನು ಸೈಮನ್ ಅವರೇ ನಿರ್ಮಿಸಿದರು, ಅದಕ್ಕೂ ಗ್ರ್ಯಾಮಿ ಸಿಕ್ಕಿತು. ಆ ತಂಡ ಮುಂದೆ ಸೈಮನ್ ಹೆಸರಿಲ್ಲದೆಯೂ ಲೋಕ ಸುತ್ತಿತು.

ಆಮೇಲಿನದು

1990ರ ಆಲ್ಬಮ್‌ಗೆ ಬ್ರೆಜಿಲ್ಲಿನ ಸಾಲ್ವಡೋರ್ ಊರಿನ ‘ಒಲೊಡಮ್’ ತಂಡದ ಡೋಲುಗಳನ್ನು ಬಯಲು ಚೌಕದಲ್ಲೇ ಮುದ್ರಿಸಿದರು. ಅದರಲ್ಲಿ ಗಿಟಾರ್ ನುಡಿಸಿದ ಕ್ಯಾಮರೂನಿನ ವಿನ್ಸೆಂಟ್ ನ್ಗೀನಿ 2017ರಲ್ಲಿ ತೀರಿಕೊಳ್ಳುವವರೆಗೂ ಅವರ ಬ್ಯಾಂಡಿನಲ್ಲೇ ಇದ್ದರು. 1998ರಲ್ಲಿ ನೊಬೆಲ್ ಪುರಸ್ಕೃತ ಕವಿ ಡೆರೆಕ್ ವಾಲ್ಕಾಟ್ ಜೊತೆ ಕೂಡಿ ಬರೆದ ಸಂಗೀತ ನಾಟಕ ನ್ಯೂಯಾರ್ಕಿನ ರಂಗಮಂದಿರಗಳ ಬೀದಿಯಾದ ಬ್ರಾಡ್‌ವೇಯಲ್ಲಿ 68 ಪ್ರದರ್ಶನಕ್ಕೇ ನಿಂತಿತು. ದೊಡ್ಡ ಹೆಸರುಗಳು ಕೂಡಿದರೆ ದೊಡ್ಡ ಕೃತಿ ಆಗಲೇಬೇಕೆಂದೇನಿಲ್ಲ. 2018ರಲ್ಲಿ ತಾವು ಬೆಳೆದ ಕ್ವೀನ್ಸ್‌ನಲ್ಲೇ ವಿದಾಯದ ಪ್ರವಾಸ ಮುಗಿಸಿದರು. 2023ರ ‘ಸೆವೆನ್ ಸಾಮ್ಸ್’ ತಡೆಯಿಲ್ಲದೆ ಹರಿಯುವ 33 ನಿಮಿಷದ ಒಂದೇ ಕೃತಿ. ಅದನ್ನು ಮಾಡುತ್ತಿರುವಾಗಲೇ ಎಡಗಿವಿಯ ಶ್ರವಣ ಬಹುಪಾಲು ಹೋಯಿತು. ಹೆಂಡತಿ ಈಡಿ ಬ್ರಿಕೆಲ್ ದನಿ, ‘ವೋಚೆಸ್ ಎಯ್ಟ್’ ಎಂಬ ಬ್ರಿಟನ್ನಿನ ಗಾಯನ ತಂಡ ಬಿಟ್ಟರೆ ಹೆಚ್ಚಾಗಿ ಅವರ ಗಿಟಾರೊಂದೇ ಅದರಲ್ಲಿದೆ.

2021ರಲ್ಲಿ ಅವರು ತಮ್ಮ ಹಾಡುಗಳ ರಚನೆಯ ಹಕ್ಕನ್ನು ಸೋನಿ ಮ್ಯೂಸಿಕ್ ಪಬ್ಲಿಷಿಂಗ್‌ಗೆ ಮಾರಿದರು. ಪಾಲು ಎಂದರೆ ಏನು ಎಂಬುದು ಇಲ್ಲಿ ಸ್ಪಷ್ಟವಾಗುತ್ತದೆ: ಐವತ್ತು ವರ್ಷದ ಹಿಂದೆ ಬರೆದ ಮಾತು ಮತ್ತು ಮಟ್ಟು ಇವತ್ತು ಆಸ್ತಿಯಂತೆ ಮಾರಾಟವಾಗುತ್ತದೆ. ಅದೇ ಹಾಡಿಗೆ ಡ್ರಮ್ಸ್ ಬಾರಿಸಿ ಕೂಲಿ ತೆಗೆದುಕೊಂಡವನ ಬಳಿ ಮಾರಲು ಏನೂ ಉಳಿದಿರುವುದಿಲ್ಲ.

ನಮ್ಮ ಕಾಯ್ದೆ ಏನು ಹೇಳುತ್ತದೆ

ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆ ಮಾತನ್ನು ಸಾಹಿತ್ಯಕೃತಿ ಎಂದೂ ಮಟ್ಟನ್ನು ಸಂಗೀತಕೃತಿ ಎಂದೂ ಬೇರೆಬೇರೆಯಾಗಿ ನೋಡುತ್ತದೆ. ಸ್ವರಲಿಪಿ ಬರೆಯದಿದ್ದರೂ ಸಂಗೀತ ಕಟ್ಟಿದವರನ್ನು ಸಂಯೋಜಕರೆಂದೇ ಒಪ್ಪುತ್ತದೆ. ಹಕ್ಕು ಕರ್ತೃವಿನ ಜೀವಮಾನಕ್ಕೆ, ಆಮೇಲೆ 60 ವರ್ಷಕ್ಕೆ. ಯಾರ ರಚನೆ ಎಂದು ಗೊತ್ತಿಲ್ಲದ ಹಳೆಯ ಜನಪದ ಪದಕ್ಕೆ ಈ ರಕ್ಷಣೆ ಸಿಗುವುದಿಲ್ಲ. ಯಾರು ಬೇಕಾದರೂ ಹಾಡಬಹುದು. ಆದರೆ ಪದಕ್ಕೆ ಒಡೆಯರಿಲ್ಲ ಎಂದರೆ ಹಾಡಿಕೆಗೂ ಒಡೆಯರಿಲ್ಲ ಎಂದಲ್ಲ. ಹಾಡಿದವರಿಗೆ ಪ್ರದರ್ಶಕರ ಹಕ್ಕು ಎಂಬುದು ಬೇರೆಯೇ ಇದೆ, 50 ವರ್ಷದ ಅವಧಿಗೆ. ಕಾಯ್ದೆಯ ಪ್ರದರ್ಶಕರ ಪಟ್ಟಿಯಲ್ಲಿ ಗಾಯಕರು, ನಟರ ಜೊತೆ ದೊಂಬರಾಟದವರು, ಹಾವಾಡಿಗರೂ ಇದ್ದಾರೆ. ಹಾಗಿರುವಾಗ ಗಣೆ ಊದುವ ಗೊಲ್ಲರ ಅಜ್ಜ ಹೊರಗುಳಿಯುವ ಮಾತೇ ಇಲ್ಲ. 2012ರ ತಿದ್ದುಪಡಿಯ ನಂತರ, ಇದನ್ನು ಹಾಡಿದವರು ಇವರು ಎಂದು ಗುರುತಿಸಿಕೊಳ್ಳುವ ಹಕ್ಕೂ ಪ್ರದರ್ಶಕರಿಗಿದೆ.

ಹಾಗಾಗಿ ಹಟ್ಟಿಗೆ ಹೋಗಿ ಮೊಬೈಲಿನಲ್ಲಿ ಮುದ್ರಿಸಿಕೊಂಡು ಬಂದ ಅಜ್ಜನ ದನಿಯನ್ನು ಬ್ಯಾಂಡಿನವರು ತಮ್ಮ ಹಾಡಿನ ಶುರುವಿನಲ್ಲಿ ಅಂಟಿಸುವುದಾದರೆ ಅವರ ಒಪ್ಪಿಗೆ ಬೇಕು. ಓದು ಬರಹ ಬಾರದವರಾದರೆ ಮನೆಯ ಇನ್ನೊಬ್ಬರ ಎದುರು ಓದಿ ಹೇಳಿ ಪಡೆಯುವುದು ಒಳ್ಳೆಯದು. ಕೊಡುವುದು ಒಂದು ಸಲದ ಹಣವೋ, ಯೂಟ್ಯೂಬಿನಲ್ಲಿ ಬಂದದ್ದರಲ್ಲಿ ಭಾಗವೋ ಎಂಬುದನ್ನು ಅದೇ ಹಾಳೆಯಲ್ಲಿ ಬರೆಯಬೇಕು. ಅಜ್ಜಿಯಿಂದ ಪದ ಕಲಿತು ಬ್ಯಾಂಡಿನವರೇ ಹಾಡುವುದಾದರೆ ಕಾಯ್ದೆ ಅಷ್ಟು ಬಿಗಿಯಿಲ್ಲ, ಆದರೆ ‘ಸಾಹಿತ್ಯ: ಜನಪದ’ ಎನ್ನುವ ಜಾಗದಲ್ಲಿ ‘ಕಲಿಸಿದವರು’ ಎಂದು ಇನ್ನೊಂದು ಸಾಲು ಸೇರಿಸಲು ಖರ್ಚೇನೂ ಇಲ್ಲ. ಹೆಸರು, ಹಟ್ಟಿ, ಯಾರಿಂದ ಕಲಿತರು ಎಂಬುದನ್ನು ಪದ ಶುರುವಾಗುವ ಮೊದಲೇ ಅವರ ಬಾಯಿಂದಲೇ ಹೇಳಿಸಿ ಮುದ್ರಿಸಿಕೊಂಡರೆ, ಆಮೇಲೆ ಫೈಲುಗಳ ನಡುವೆ ಯಾರ ದನಿ ಯಾವುದು ಎಂದು ಹುಡುಕುವ ಕೆಲಸವೂ ತಪ್ಪುತ್ತದೆ.